ಮಣ್ಣಿನ ಗೋಡೆಗೆ ದಯವಿಟ್ಟು ಸಿಮೆಂಟ್ ಬಳಿಸಬೇಡಿ

ಯುಗಾದಿ ಕಳೆದರೆ ಸಾಕು, ನನಗೆ ಒಂದೇ ಥರದ ಫೋನು. "ಸಾರ್, ತಾತನ ಕಾಲದ ತೊಟ್ಟಿ ಮನೆ. ಗೋಡೆ ಉದುರ್ತಿದೆ. ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ವಿ, ಆದ್ರೂ ನಿಲ್ತಿಲ್ಲ."

ಆದ್ರೂ ಅಲ್ಲ ಸ್ವಾಮಿ, ಅದಕ್ಕೇ.

ಹೋದ ಏಪ್ರಿಲ್‌ನಲ್ಲಿ ಚಿಂತಾಮಣಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಕಲ್ಲಿನ ತಳಪಾಯ, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಕಂಬ, ತೊಲೆ, ಜಂತೆ ಎಲ್ಲ ಗಟ್ಟಿಮುಟ್ಟು. ಮಗಳ ಮದುವೆಗೆ ಅಂತ ಮೂರು ವರ್ಷದ ಹಿಂದೆ ಒಳಗೂ ಹೊರಗೂ ಸಿಮೆಂಟ್ ಹೊಡೆಸಿದ್ದರು. ನಾಣ್ಯದಲ್ಲಿ ತಟ್ಟಿದೆ. ಟೊಳ್ಳು ಸದ್ದು. ಬಚ್ಚಲ ಪಕ್ಕ ಒಂದು ಗೇಣು ಕಿತ್ತು ನೋಡಿದರೆ, ಆ ಸುಡು ಬೇಸಿಗೆಯಲ್ಲೂ ಒಳಗಿನ ಮಣ್ಣು ಉಂಡೆ ಕಟ್ಟುವಷ್ಟು ಒದ್ದೆ. ಹಿಂದೆ ನಿಂತಿದ್ದ ಅಜ್ಜಿ, "ನಮ್ಮತ್ತೆ ಕಾಲ್ದಲ್ಲಿ ವರ್ಷಕ್ಕೊಂದ್ಸಲ ಸುಣ್ಣ ಬಳೀತಿದ್ವಿ, ಅಷ್ಟೇಯಪ್ಪ" ಅಂದರು. ಮಗನ ಮುಖ ನೋಡಿ ಸುಮ್ಮನಾದರು.

ನೆಲದ ತೇವ ಮಣ್ಣಿನ ಗೋಡೆಗೆ ಏರುತ್ತದೆ, ಬತ್ತಿಗೆ ಎಣ್ಣೆ ಏರಿದ ಹಾಗೆ. ಸುಣ್ಣದ ಗಾರೆ ಇದ್ದರೆ ಆ ತೇವ ಗಾಳಿಗೆ ಆರಿಹೋಗುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ದಾರಿ ಸಿಗದ ತೇವ ಇನ್ನೂ ಮೇಲಕ್ಕೆ ಹತ್ತುತ್ತದೆ. ಒದ್ದೆ ಮಣ್ಣು ಮಾಡಿನ ಭಾರ ಹೇಗೆ ಹೊರಬೇಕು? ಮಳೆ ಹೊಡೆಯಬಾರದು ಅಂತ ಸಿಮೆಂಟ್ ಹಾಕಿಸಿದೆವು ಅಂತೀರಿ. ಸೂರು ಮುಂದಕ್ಕೆ ಚಾಚಿರುವುದು ಅದಕ್ಕೇ ಅಲ್ವಾ? ಇನ್ನೊಂದ್ಸಲ ಹೇಳುತ್ತೇನೆ: ಗೋಡೆಗೆ ನೀರು ಬಂದೇ ಬರುತ್ತದೆ, ಹೋಗೋಕೆ ಬಿಡಿ. ಸಿಮೆಂಟಿನ ಮೇಲೆ ವಾಟರ್‌ಪ್ರೂಫ್ ಪೇಂಟ್ ಬಳಿದರೆ ಬೀಗದ ಮೇಲೆ ಬೀಗ.

"ಸುಣ್ಣ ನಿಲ್ಲುತ್ತಾ ಸಾರ್?" ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಕಲ್ಲುಗಳನ್ನು ಹಿಡಿದಿರುವುದು ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ ಗಾರೆ. ಮನೆ ಗೋಡೆಯ ಹದ ಬೇರೆ, ಒಪ್ಪಿದೆ. ಆದರೆ ಸುಣ್ಣಕ್ಕೆ ಜೀವ ಇಲ್ಲ ಅನ್ನಬೇಡಿ. ತಮಾಷೆ ಅಂದರೆ, ಇವತ್ತಿಗೂ ನಾವು ಕರೆಯುವುದು ಗಾರೆ ಮೇಸ್ತ್ರಿ ಅಂತ. ಅವನ ಬಾಣಲೆಯಲ್ಲಿ ಇರುವುದು ಮಾತ್ರ ಸಿಮೆಂಟು.

ಇದನ್ನು ಓದಿ ನಾಳೆಯೇ ಸುತ್ತಿಗೆ ಹಿಡಿಯಬೇಡಿ. ಮೆತ್ತಗಾದ ಗೋಡೆ ಪೆಟ್ಟಿಗೆ ಕುಸಿಯಬಹುದು. ಆಸರೆ ಕೊಟ್ಟು, ಸ್ವಲ್ಪ ಸ್ವಲ್ಪವೇ ಬಿಡಿಸಬೇಕು. ಗೋಡೆ ಹೊಟ್ಟೆ ಬಿಟ್ಟಿದ್ದರೆ ಫೋಟೋ ಕಳಿಸಿ ಪ್ರಯೋಜನವಿಲ್ಲ, ಗೊತ್ತಿದ್ದವರನ್ನು ಕರೆಸಿ ತೋರಿಸಿ.

ಚಿಂತಾಮಣಿ ಮನೆಯಲ್ಲಿ ಕೆಳಗಿನ ಮೂರು ಅಡಿ ಬಿಡಿಸಿ, ಆರಲಿ ಅಂತ ಹಾಗೇ ಬಿಟ್ಟೆವು. ಹದಿನೈದು ದಿನಕ್ಕೆ ಮಗನ ಫೋನು: "ಬೀಗರು ಬರ್ತಿದ್ದಾರೆ ಸಾರ್, ಗೋಡೆ ಅಸಹ್ಯ ಕಾಣುತ್ತೆ. ಅಮ್ಮ ರಾಗಿ ಮೂಟೆ ಅಡ್ಡ ಇಟ್ಟಿದ್ದಾರೆ." ಮೂಟೆಯನ್ನೂ ತೆಗೆಸಿದೆ. ಗಾಳಿ ಆಡಬೇಕಲ್ಲ.