ಬಾವಿ ನೀರಿನ ಹಕ್ಕು, ಮೂಸ್ ಬೇಟೆ

ಆಗಸ್ಟ್ ಕಳೀತು ಅಂದ್ರೆ ನನ್ನ ಫೋನಿಗೆ ಬಿಡುವಿರಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಉತ್ತರ ಭಾಗದಲ್ಲಿ ವಕೀಲಿಕೆ ಮಾಡೋರಿಗೆ ಬೇಟೆ ಸೀಸನ್ ಅಂದ್ರೆ ನಮ್ಮೂರ ಕಡೆ ಸುಗ್ಗಿ ಇದ್ದಂಗೆ. ಟ್ಯಾಗ್ ಹಾಕಿಲ್ಲ, ಸೀಸನ್ ಮುಗಿದ ಮೇಲೆ ಹೊಡೆದ್ರು, ಯಾರದ್ದೋ ಹೊಲದಲ್ಲಿ ಹೊಡೆದ್ರು, ಇಂಥ ಕೇಸುಗಳೇ ಜಾಸ್ತಿ. ಲೈಸೆನ್ಸ್ ತಗೊಂಡು ಬೇಟೆಯಾಡೋರ ಪರವಾಗೂ ನಿಂತಿದ್ದೀನಿ, ಟ್ರೀಟಿ (ಸರ್ಕಾರದ ಜೊತೆ ಹಿಂದೆ ಮಾಡ್ಕೊಂಡ ಒಪ್ಪಂದ) ಹಕ್ಕಿರೋ ಮೂಲನಿವಾಸಿಗಳ ಪರವಾಗೂ ನಿಂತಿದ್ದೀನಿ. ಲೈಸೆನ್ಸಿನವರು ಬಂದು ಕೂತ್ರೆ ಐದು ನಿಮಿಷದೊಳಗೆ ಈ ಮಾತು ಬಂದೇ ಬರುತ್ತೆ, "ನಮಗೊಂದು ರೂಲು, ಅವರಿಗೊಂದು ರೂಲಾ ಮೇಡಂ? ಸರ್ಕಾರ ಅವರಿಗೆ ಯಾಕೆ ಇಷ್ಟು ರಿಯಾಯಿತಿ ಕೊಟ್ಟಿದೆ?"

ಈ ರಿಯಾಯಿತಿ ಅನ್ನೋ ಪದ ಕೇಳಿದ್ರೆ ನನಗೆ ತಲೆ ಕೆಡುತ್ತೆ. ಬಿಳಿಯರು ಹೇಳ್ತಾರೆ, ನಮ್ಮ ಪಂಜಾಬಿಗಳು ಹೇಳ್ತಾರೆ, ಕನ್ನಡದವರು ಇನ್ನೂ ಜೋರಾಗಿ ಹೇಳ್ತಾರೆ. ಹೋದ ವರ್ಷ ಕೊಡಗಿನ ಒಬ್ಬ ಹುಡುಗ ಬಂದಿದ್ದ. ಇಲ್ಲಿಗೆ ಬಂದು ಆರು ವರ್ಷ ಆಗಿದೆ, ಗನ್ ಲೈಸೆನ್ಸ್ ಮಾಡಿಸಿದಾನೆ, ಬೇಟೆ ಪರೀಕ್ಷೆ ಪಾಸ್ ಮಾಡಿದಾನೆ, ಮೂಸ್‌ಗೆ ಅಂತ ಲಾಟರಿ ಥರ ಡ್ರಾ ಇರುತ್ತೆ, ಅದಕ್ಕೆ ಮೂರು ವರ್ಷ ಅರ್ಜಿ ಹಾಕಿದ್ರೂ ಹೆಸರು ಬಂದಿಲ್ಲ. (ಮೂಸ್ ಅಂದ್ರೆ ಜಿಂಕೆ ಜಾತಿಯದ್ದೇ, ಆದ್ರೆ ನಮ್ಮ ಕಡವೆಗಿಂತ ಎಷ್ಟೋ ದೊಡ್ಡದು, ಗಂಡು 400–500 ಕೆಜಿ ತೂಗುತ್ತೆ, ಒಂದು ಹೊಡೆದ್ರೆ ಒಂದು ಮನೆಗೆ ಚಳಿಗಾಲ ಪೂರ್ತಿ ಮಾಂಸ.) ಅವನ ಜೊತೆ ಮಿಲ್ಲಲ್ಲಿ ಕೆಲಸ ಮಾಡೋ, ಕ್ರೀ ಅನ್ನೋ ಮೂಲನಿವಾಸಿ ಜನಾಂಗದ ಗೆಳೆಯ ಡ್ರಾನೂ ಇಲ್ಲ, ಸೀಸನ್ನೂ ಇಲ್ಲ, ಹೋಗಿ ಹೊಡ್ಕೊಂಡು ಬಂದ. "ಅಕ್ಕಾ, ನಾನೂ ಟ್ಯಾಕ್ಸ್ ಕಟ್ತೀನಲ್ಲ, ಇದು ನ್ಯಾಯನಾ?" ಅಂದ. ಕಣ್ಣಲ್ಲಿ ನಿಜವಾದ ನೋವಿತ್ತು, ಅದಕ್ಕೆ ಬೈಯೋಕೆ ಮನಸ್ಸು ಬರ್ಲಿಲ್ಲ, ಕೂರಿಸ್ಕೊಂಡು ನಮ್ಮಜ್ಜನ ಬಾವಿ ಕಥೆ ಹೇಳಿದೆ. ಎಲ್ಲರಿಗೂ ಅದನ್ನೇ ಹೇಳೋದು.

ಮಂಡ್ಯದ ಹತ್ರ ನಮ್ಮಜ್ಜ ಎರಡು ಎಕರೆ ಮಾರಿದ್ರು, ಅತ್ತೆ ಮದುವೆಗೆ. ಆ ಜಮೀನಲ್ಲೇ ಬಾವಿ ಇತ್ತು. ಅಜ್ಜನಿಗೆ ಓದು ಬರಹ ಅಷ್ಟಕ್ಕಷ್ಟೆ, ಆದ್ರೆ ಕ್ರಯಪತ್ರ ಬರೆಯೋವನ ಪಕ್ಕ ಕೂತು ಒಂದು ಸಾಲು ಸೇರಿಸಿಸಿದ್ರು, ಬಾವಿಯಲ್ಲಿ ವಾರಕ್ಕೆ ಎರಡು ದಿನದ ನೀರು, ಬಾವಿ ತನಕ ಗಾಡಿ ದಾರಿ, ಇವೆರಡೂ ನಮಗೂ ನಮ್ಮ ವಂಶದವರಿಗೂ ಉಳೀಬೇಕು ಅಂತ. ಮೂವತ್ತು ವರ್ಷ ಆದ್ಮೇಲೆ ಕೊಂಡವರ ಮಗ ಪಂಪ್‌ಸೆಟ್ ಮನೆಗೆ ಬೀಗ ಹಾಕಿದ. ನಮ್ಮಪ್ಪ ಕೇಳೋಕೆ ಹೋದ್ರೆ, "ಇಷ್ಟು ವರ್ಷ ಪುಕ್ಕಟೆ ನೀರು ಬಿಟ್ಟಿದ್ದೇ ದೊಡ್ಡದು" ಅಂದ. ಪುಕ್ಕಟೆ! ಅಪ್ಪ ಏನೂ ಮಾತಾಡ್ದೆ ಮನೆಗೆ ಬಂದು, ಟ್ರಂಕಿಂದ ಆ ಹಳೇ ಪತ್ರ ತೆಗೆದು ಹಾಸಿಗೆ ಮೇಲೆ ಹರವಿ, ಆ ಸಾಲಿನ ಮೇಲೆ ಬೆರಳಿಟ್ಕೊಂಡು ಬಹಳ ಹೊತ್ತು ಕೂತಿದ್ರು. ನಾನಾಗ ಹೈಸ್ಕೂಲು. ಆ ಬೆರಳು ಇವತ್ತಿಗೂ ಕಣ್ಣಮುಂದೆ ಇದೆ.

ಈಗ ನೀವೇ ಹೇಳಿ, ಆ ನೀರು ಕೊಂಡವರು ನಮಗೆ ಕೊಟ್ಟ ರಿಯಾಯಿತಿನಾ? ಅಲ್ಲ. ಅದು ಮೊದಲಿಂದ ನಮ್ಮದೇ ಆಗಿತ್ತು, ಜಮೀನು ಕೊಟ್ಟಾಗ ಅದೊಂದನ್ನ ನಾವು ಕೊಡ್ಲಿಲ್ಲ, ಉಳಿಸ್ಕೊಂಡ್ವಿ. ಕೊಂಡವನಿಗೆ ಆ ಜಮೀನು ಹೆಂಗೆ ಬಂತು? ಅದೇ ಪತ್ರದಿಂದ. ಆ ಸಾಲನ್ನ ಒಪ್ಪಲ್ಲ ಅಂದ್ರೆ ಪತ್ರವನ್ನೇ ಒಪ್ಪಲ್ಲ ಅಂದಂಗೆ, ಆಮೇಲೆ ಜಮೀನಿನ ಮೇಲೆ ಅವನ ಹಕ್ಕೂ ಅಲ್ಲಾಡುತ್ತೆ. ಇದನ್ನ ನಾನು ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ, ಇನ್ನೊಂದು ಸಲ ಹೇಳ್ತೀನಿ: ಟ್ರೀಟಿ ಅಂದ್ರೆ ಸರ್ಕಾರ ಮೂಲನಿವಾಸಿಗಳಿಗೆ ಬೇಟೆ ಹಕ್ಕು ಕೊಟ್ಟ ಕಾಗದ ಅಲ್ಲ, ಬೇಟೆ ಅವರದ್ದಾಗೇ ಉಳಿಯುತ್ತೆ ಅಂತ ಮಾತು ಕೊಟ್ಟು ಸರ್ಕಾರ ನೆಲ ಪಡೆದ ಕಾಗದ. ನಾವು ವಲಸೆ ಬಂದವರು ಇಲ್ಲಿ ಮನೆ ಕೊಂಡು ಕೂತಿರೋದೂ ಅದೇ ಕಾಗದದ ಬಲದ ಮೇಲೆ. ಒಂದು ಎಚ್ಚರಿಕೆ ಮಾತ್ರ, ಬಾವಿ ಕಥೆನ ಪೂರ್ತಿ ಎಳೀಬೇಡಿ, ಯಾಕಂದ್ರೆ ನಮ್ಮಜ್ಜ ಜಮೀನು ಮಾರಿದ್ದು ನಿಜ, ಇಲ್ಲಿನ ಹಿರಿಯರು ಮಾತ್ರ "ನಾವು ನೆಲ ಮಾರಲೇ ಇಲ್ಲ, ಹಂಚ್ಕೊಂಡು ಬದುಕೋಣ ಅಂತ ಒಪ್ಪಿದ್ದು" ಅಂತಾರೆ, ಆ ವಾದದಲ್ಲೂ ತೂಕ ಇದೆ.

ನಮ್ಮ ಭಾಗಕ್ಕೆ ಬರೋದು ಟ್ರೀಟಿ 8. 1899ರ ಜೂನ್ 21ಕ್ಕೆ ಲೆಸ್ಸರ್ ಸ್ಲೇವ್ ಲೇಕ್ ಹತ್ರ ಮೊದಲ ಸಹಿ ಆಯ್ತು, ಫೋರ್ಟ್ ಸೇಂಟ್ ಜಾನ್ ಕಡೆಯವರು 1900ರಲ್ಲಿ ಸೇರಿದ್ರು. ಸುಮಾರು 8,40,000 ಚದರ ಕಿಲೋಮೀಟರ್ ನೆಲ, ಅಂದ್ರೆ ಕರ್ನಾಟಕದಂಥ ನಾಲ್ಕು ರಾಜ್ಯ ಹಿಡಿಯುತ್ತೆ. ಅದರಲ್ಲಿ ಬೇಟೆ, ಬಲೆ, ಮೀನು ಹಿಡಿಯೋ ಕಸುಬು ಎಂದಿನಂತೆ ನಡೀಬಹುದು ಅಂತಿದೆ, ಬೇಟೆಯಲ್ಲೇ ಬದುಕೋ ಕುಟುಂಬಗಳಿಗೆ ತಲೆಗೆ ಒಂದು ಡಾಲರ್ ಬೆಲೆಯ ಮದ್ದುಗುಂಡು, ಬಲೆ ಹೆಣೆಯೋ ಹುರಿ ವರ್ಷ ವರ್ಷ ಕೊಡ್ತೀವಿ ಅಂತಲೂ ಇದೆ. ಗುಂಡು ನಾವೇ ಕೊಡ್ತೀವಿ ಅಂತ ಬರ್ಕೊಟ್ಟ ಸರ್ಕಾರಕ್ಕೆ ಬೇಟೆ ನಿಲ್ಸೋ ಉದ್ದೇಶ ಇತ್ತು ಅಂತ ಯಾರು ನಂಬ್ತಾರೆ? ವರ್ಷಕ್ಕೆ ತಲೆಗೆ ಐದು ಡಾಲರ್ ಅಂತ ಬರೆದಿದ್ದನ್ನ ಇವತ್ತಿಗೂ ಕೊಡ್ತಾರೆ. ಆ ದುಡ್ಡು ಹಂಚೋ ಟ್ರೀಟಿ ಡೇಗೆ ಒಂದ್ಸಲ ಹೋಗಿದ್ದೆ, ಕೆಂಪು ಕೋಟಿನ ಪೊಲೀಸ್ ಪಕ್ಕದಲ್ಲಿ ನಿಂತಿದ್ದ, ಒಂದು ಅಜ್ಜಿ ಹೊಸಾ ಐದರ ನೋಟು ತಗೊಂಡು ಮಡಚಿ ಮೊಮ್ಮಗನ ಜೇಬಿಗೆ ಇಟ್ಟು, "ಖರ್ಚು ಮಾಡ್ಬೇಡ, ಇದು ಅವರು ಮಾತು ಕೊಟ್ಟಿದ್ದಕ್ಕೆ ಸಾಕ್ಷಿ" ಅಂದ್ರು.

ಇಲ್ಲಿಗೆ ಬಂದಾಗ ಲೈಸೆನ್ಸಿನ ಕಕ್ಷಿದಾರರು ಫೋನಲ್ಲಿ ಟ್ರೀಟಿ ತೆಗೆದು ತೋರಿಸ್ತಾರೆ, "ನೋಡಿ ಮೇಡಂ, ಸರ್ಕಾರ ಕಾಲಕಾಲಕ್ಕೆ ಮಾಡೋ ನಿಯಮಕ್ಕೆ ಒಳಪಟ್ಟು ಅಂತ ಬರೆದಿದೆಯಲ್ಲ, ಹಂಗಾದ್ರೆ ನಿಯಮ ಎಲ್ಲರಿಗೂ ಒಂದೇ." ಬರೆದಿದೆ, ಇಲ್ಲ ಅನ್ನಲ್ಲ. ಆದ್ರೆ ಸಹಿ ಹಾಕಿಸೋಕೆ ಹೋಗಿದ್ದ ಕಮಿಷನರುಗಳು ಆಮೇಲೆ ತಾವೇ ವರದಿ ಬರೆದಿದ್ದಾರೆ, ಅದನ್ನೂ ಓದ್ಬೇಕಲ್ಲ. ಬೇಟೆ ನಿಂತುಹೋಗುತ್ತೆ ಅನ್ನೋ ಭಯದಿಂದ ಜನ ಸಹಿ ಹಾಕೋಕೆ ಹಿಂದೇಟು ಹಾಕಿದ್ರಂತೆ, ಅದಕ್ಕೆ ಇವರು ಪ್ರಾಣಿ ಸಂತತಿ ಕಾಪಾಡೋಕೆ ಬೇಕಾದಷ್ಟು, ಅದೂ ಮೂಲನಿವಾಸಿಗಳ ಹಿತಕ್ಕೆ ಆಗೋ ಕಾನೂನು ಮಾತ್ರ ಮಾಡ್ತೀವಿ, ಸಹಿ ಹಾಕದೇ ಇದ್ದಿದ್ರೆ ಎಷ್ಟು ಸ್ವತಂತ್ರವಾಗಿ ಬೇಟೆಯಾಡ್ತಿದ್ರೋ ಸಹಿ ಹಾಕಿದ ಮೇಲೂ ಅಷ್ಟೇ ಸ್ವತಂತ್ರ ಅಂತ ಗಂಭೀರವಾಗಿ ಭರವಸೆ ಕೊಟ್ರಂತೆ. ಕೆನಡಾದ ಸುಪ್ರೀಂ ಕೋರ್ಟ್ 1996ರ ಬ್ಯಾಜರ್ ಕೇಸಲ್ಲಿ ಟ್ರೀಟಿನ ಓದಿದ್ದೂ ಹಿಂಗೇ, ಬಾಯಿಮಾತಿನ ಭರವಸೆನೂ ಕರಾರಿನ ಭಾಗ, ಪದದಲ್ಲಿ ಗೊಂದಲ ಇದ್ರೆ ಮೂಲನಿವಾಸಿಗಳ ಪರವಾಗಿ ಅರ್ಥ ಮಾಡ್ಬೇಕು. ಇಂಗ್ಲಿಷಲ್ಲಿ ಬರೆದವರು ಒಂದು ಕಡೆಯವರು, ಇನ್ನೊಂದು ಕಡೆಯವರು ಬಾಯಲ್ಲಿ ಕೇಳಿ ಒಪ್ಪಿದವರು, ಇದು ಬಿಟ್ಟು ಬೇರೆ ನ್ಯಾಯ ಹೆಂಗೆ ಸಾಧ್ಯ?

ಹಂಗಂತ ಸರ್ಕಾರ ಏನೂ ನಿರ್ಬಂಧ ಹಾಕಂಗೇ ಇಲ್ಲ ಅಂತಲ್ಲ. 1982ರ ಸಂವಿಧಾನದ 35ನೇ ಸೆಕ್ಷನ್ ಈ ಹಕ್ಕುಗಳನ್ನ ಮಾನ್ಯ ಮಾಡ್ತು, 1990ರ ಸ್ಪ್ಯಾರೋ ಕೇಸಲ್ಲಿ (ಮಸ್ಕ್ವಿಯಂ ಅನ್ನೋ ಮೂಲನಿವಾಸಿ ಸಮುದಾಯದ ಮೀನುಗಾರ, 25 ಫ್ಯಾದಮ್, ಅಂದ್ರೆ ಆರಾರು ಅಡಿ ಲೆಕ್ಕದ ಬಲೆಗೆ ಅನುಮತಿ ಇದ್ದ ಕಡೆ 45 ಫ್ಯಾದಮ್ ಬಲೆ ಬಿಟ್ಟಿದ್ದ) ಕೋರ್ಟು ದಾರಿ ಹಾಕ್ಕೊಟ್ತು. ಹಕ್ಕಿಗೆ ಅಡ್ಡ ಬರೋ ನಿಯಮ ಮಾಡಿದ್ರೆ ಅದು ಯಾಕೆ ಬೇಕಿತ್ತು ಅಂತ ಸರ್ಕಾರವೇ ಸಾಬೀತು ಮಾಡ್ಬೇಕು. ಮೊದಲು ಪ್ರಾಣಿ ಸಂತತಿ ಉಳೀಬೇಕು, ಉಳಿದು ಮಿಕ್ಕಿದ್ರಲ್ಲಿ ಮೊದಲ ಪಾಲು ಮೂಲನಿವಾಸಿಗಳ ಊಟಕ್ಕೆ, ಅವರ ಆಚರಣೆಗೆ, ಆಮೇಲೆ ಉಳಿದವರು. ಸ್ಪ್ಯಾರೋ ಮೀನಿನ ಕೇಸು, ಆದ್ರೆ ಬೇಟೆಗೂ ಕೋರ್ಟುಗಳು ಇದೇ ತರ್ಕ ಹಿಡೀತವೆ. ಅಂದ್ರೆ ಮೂಸ್ ಕಮ್ಮಿ ಆದಾಗ ಮೊದಲು ಕೈಬಿಡೋದು ಲೈಸೆನ್ಸಿನವರದ್ದು, ಪಕ್ಷಪಾತ ಅಂತ ಅಲ್ಲ, ಸಾಲಲ್ಲಿ ಅವರು ಹಿಂದೆ ನಿಂತಿರೋದ್ರಿಂದ.

ನಮ್ಮವರಿಗೆ ಇದು ಯಾಕೆ ತಲೆಗೆ ಹೋಗಲ್ಲ ಅಂತ ಯೋಚನೆ ಮಾಡಿದೀನಿ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಬೇಟೆ ಅಂದ್ರೆ ಅಪರಾಧ, ಅಷ್ಟೆ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನವರಿಗೆ ಜೇನು, ನೆಲ್ಲಿಕಾಯಿ, ಉಳುಮೆ, ಎಲ್ಲಾ ಹಕ್ಕು ಎಣಿಸಿ ಕೊಟ್ರೂ ಬೇಟೆನ ಮಾತ್ರ ಹೆಸರು ಹಿಡಿದು ಹೊರಗಿಟ್ಟಿದೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಹಕ್ಕುಪತ್ರ ಸಿಕ್ಕಾಗಲೂ ಬೇಟೆ ಅದರಲ್ಲಿಲ್ಲ. ಹಿಂಗಾಗಿ ಹಕ್ಕು ಅಂದ್ರೆ ಸರ್ಕಾರ ಮೇಲಿಂದ ಕೊಡೋದು, ಬೇಡ ಅಂದ್ರೆ ವಾಪಸ್ ತಗೊಳ್ಳೋದು ಅಂತಲೇ ನಮ್ಮ ಮನಸ್ಸಲ್ಲಿ ಕೂತಿದೆ. ಆ ಕೊಡಗಿನ ಹುಡುಗನಿಗೆ ಕೇಳ್ದೆ, ನಿಮ್ಮ ಮನೆ ಬಂದೂಕಿಗೆ ಲೈಸೆನ್ಸ್ ಬೇಡ ಅಂತಿದೆಯಲ್ಲ, ಅದನ್ನ ಯಾರಾದ್ರೂ ರಿಯಾಯಿತಿ ಅಂದ್ರೆ ನಿಮ್ಮಪ್ಪ ಸುಮ್ನಿರ್ತಾರಾ ಅಂತ. ಕಾನೂನಿನ ಲೆಕ್ಕದಲ್ಲಿ ಎರಡೂ ಒಂದೇ ಅಲ್ಲ, ಕೊಡವರದ್ದು ಆಯುಧ ಕಾಯ್ದೆ ಅಡಿ ಸರ್ಕಾರದ ವಿನಾಯಿತಿ, ಇದು ಸಂವಿಧಾನ ಕಾಯೋ ಕರಾರು. ಆದ್ರೂ ಅವನು ತಲೆ ತಗ್ಗಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತ. ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆ) ದಿನ ಅವರಜ್ಜ ಬಂದೂಕಿಗೆ ತೋಕ್‌ಪೂವು ಇಟ್ಟು ಕೈಮುಗೀತಿದ್ದಿದ್ದನ್ನ ಹೇಳ್ದ.

ಸರಿ, ಮೂಸ್ ಯಾಕೆ ಕಮ್ಮಿ ಆಯ್ತು? ಇದನ್ನ ಯಾರೂ ಕೇಳಲ್ಲ. 2022ರಲ್ಲಿ ನಮ್ಮ ಪ್ರಾಂತ್ಯ ಸರ್ಕಾರ ಈಶಾನ್ಯದ ಪೀಸ್ ಭಾಗದಲ್ಲಿ ಲೈಸೆನ್ಸಿನವರ ಮೂಸ್ ಬೇಟೆನ ಅರ್ಧಕ್ಕೆ ಇಳಿಸ್ತೀವಿ, ಕ್ಯಾರಿಬೂ (ಅದೂ ಜಿಂಕೆ ಜಾತಿಯದ್ದೇ) ಬೇಟೆ ಮುಚ್ತೀವಿ ಅಂದಾಗ ಬೇಟೆಗಾರರು ಉರಿದುಬಿದ್ರು, "ಕೋರ್ಟು ನಮ್ಮ ಮೂಸ್ ಕಿತ್ತು ಅವರಿಗೆ ಕೊಡ್ತು" ಅಂತ. ಯಾವ ಕೋರ್ಟೂ ಹಂಗೆ ಹೇಳಿಲ್ಲ. 2021ರ ಜೂನಲ್ಲಿ ಬಂದ, ಬ್ಲೂಬೆರಿ ರಿವರ್ ಫಸ್ಟ್ ನೇಷನ್ಸ್ ಅನ್ನೋ ಮೂಲನಿವಾಸಿ ಸಮುದಾಯದ ಕೇಸಿನ ತೀರ್ಪು ಬೇಟೆಗಾರರ ಬಗ್ಗೆ ಅಲ್ಲವೇ ಅಲ್ಲ. ಗ್ಯಾಸ್ ಬಾವಿ, ಪೈಪ್‌ಲೈನು, ಮರ ಕಡಿಯೋದು, ರಸ್ತೆ, ಒಂದೊಂದಕ್ಕೂ ಬಿಡಿಬಿಡಿಯಾಗಿ ಸಣ್ಣದು ಅಂತ ಅನುಮತಿ ಕೊಟ್ಟು ಕೊಟ್ಟು, ಎಲ್ಲಾ ಸೇರಿ ಬೇಟೆ ಹಕ್ಕಿಗೆ ಅರ್ಥವೇ ಇಲ್ಲದಂಗೆ ಆಗಿದೆ, ಇದು ಟ್ರೀಟಿ ಉಲ್ಲಂಘನೆ ಅಂತ ನ್ಯಾಯಾಧೀಶೆ ಎಮಿಲಿ ಬರ್ಕ್ ಹೇಳಿದ್ರು. ಅವರ ನೆಲದ 85 ಪರ್ಸೆಂಟ್ ಭಾಗ ಯಾವುದಾದ್ರೂ ಒಂದು ಕೈಗಾರಿಕಾ ಕೆಲಸದಿಂದ 250 ಮೀಟರ್ ಒಳಗಿದೆ. 500 ಮೀಟರ್ ಅಂದ್ರೆ 91 ಪರ್ಸೆಂಟ್. ಸರ್ಕಾರ ಮೇಲ್ಮನವಿಗೂ ಹೋಗ್ಲಿಲ್ಲ.

ಒಂದು ಕೇಸಿಗೆ ಜಾಗ ನೋಡೋಕೆ ಹೋಗಿದ್ದೆ. ಕಾಡಿನ ಮಧ್ಯ ಬೈತಲೆ ತೆಗೆದಂಗೆ ನೆಟ್ಟಗೆ ಒಂದು ಗೆರೆ, ಗ್ಯಾಸ್ ಹುಡುಕೋಕೆ ಅಂತ ಯಾವತ್ತೋ ಕಡಿದಿದ್ದು, ಹಿಮದ ಮೇಲೆ ತೋಳದ ಹೆಜ್ಜೆ ಸಾಲಾಗಿ ಹೋಗಿತ್ತು. ಜೊತೆಗಿದ್ದ ಹಿರಿಯರು ಕೋಲಲ್ಲಿ ತೋರಿಸಿ, "ಮುಂಚೆ ತೋಳಕ್ಕೂ ಇಲ್ಲಿ ನಡೆಯೋಕೆ ಕಷ್ಟ ಇತ್ತು, ಈಗ ಹೈವೇ ಮಾಡ್ಕೊಟ್ಟಿದೀವಿ" ಅಂದ್ರು. ಲೈಸೆನ್ಸಿನವನ ಮೂಸ್ ಹೋಗಿರೋದೂ ಇದೇ ಗೆರೆ ಮೇಲೆ. ಅವನು ಬಂದು ಪಕ್ಕದ ಮನೆಯವನ ಮೇಲೆ ಕೂಗಾಡ್ತಾನೆ, ಬಾವಿ ಬತ್ತಿಸಿದೋನು ಬೇರೆ.

ಟ್ರೀಟಿ ಕಡೆಯ ಹುಡುಗರಿಗೂ ಒಂದು ಮಾತಿದೆ, ಅವರ ಕೇಸು ಸೋತಾಗ ನನಗೆ ಜಾಸ್ತಿ ಸಂಕಟ ಆಗುತ್ತೆ. ಇಬ್ಬರು ದಾಯಾದಿ ತಮ್ಮಂದಿರು ಸಂಜೆ ಹೊತ್ತಲ್ಲಿ ರಸ್ತೆ ಪಕ್ಕ ಟ್ರಕ್ ನಿಲ್ಸಿ ಹೊಲದ ಅಂಚಲ್ಲಿದ್ದ ಮೂಸ್ ಹೊಡೆದ್ರು, ಹುಲ್ಲಿನ ಉಂಡೆ ಸಾಲಾಗಿ ಕಾಣ್ತಿತ್ತು, ಮನೆ ದೀಪನೂ ಕಾಣ್ತಿತ್ತು. ಮೂಲನಿವಾಸಿ ಅನ್ನೋ ಗುರುತಿನ ಕಾರ್ಡ್ ಇದೆಯಲ್ಲ ಅಂದ್ರು. ಕಾರ್ಡ್ ಇದ್ರೆ ಸಾಲ್ದು ಕಂದಾ. ಬ್ಯಾಜರ್ ಕೇಸಲ್ಲೇ ಕೋರ್ಟು ಹೇಳಿದೆ, ಖಾಸಗಿ ಜಮೀನಲ್ಲಿ ಬೇಟೆಗೆ ಒಗ್ಗದ ಬಳಕೆ ಕಣ್ಣಿಗೆ ಕಾಣ್ತಿದ್ರೆ ಅಲ್ಲಿ ಹಕ್ಕು ನಡೆಯಲ್ಲ, ಆ ಕೇಸಲ್ಲಿ ಮೂವರಲ್ಲಿ ಇಬ್ಬರು ಸೋತಿದ್ದು ಇದಕ್ಕೇ, ಬೇಲಿ ಬೋರ್ಡು ಏನೂ ಇಲ್ಲದ ಜೌಗಲ್ಲಿ ಹೊಡೆದ ಮೂರನೆಯವನಿಗೆ ಮಾತ್ರ ಮರುವಿಚಾರಣೆ ಸಿಕ್ತು. 2006ರ ಮಾರಿಸ್ ಕೇಸು ಓದಿ "ರಾತ್ರಿ ಲೈಟ್ ಹಾಕಿ ಹೊಡೀಬಹುದು" ಅಂತ ಕೆಲವರು ಹೇಳ್ತಾರೆ. ಅದು ವ್ಯಾಂಕೂವರ್ ದ್ವೀಪದ 1852ರ ಟ್ರೀಟಿ, ಆ ಜನ ಹಿಂದಿನಿಂದ ರಾತ್ರಿ ಪಂಜು ಹಿಡಿದು ಬೇಟೆಯಾಡ್ತಿದ್ರು ಅನ್ನೋದಕ್ಕೆ ಸಾಕ್ಷಿ ಇತ್ತು, ಅದರಲ್ಲೂ ಅಪಾಯಕಾರಿ ಬೇಟೆಗೆ ರಕ್ಷಣೆ ಇಲ್ಲ ಅಂತಲೇ ಕೋರ್ಟು ಹೇಳಿದ್ದು. ಒಂದು ಟ್ರೀಟಿಯ ಮಾತು ಇನ್ನೊಂದಕ್ಕೆ ಹೊಂದಲ್ಲ. ಅಲ್ಬರ್ಟಾ, ಸಸ್ಕಾಚೆವಾನ್, ಮ್ಯಾನಿಟೋಬಾಗೆ 1930ರ ಬೇರೆ ಒಪ್ಪಂದ ಇದೆ, ಅದು ಬೇಟೆ ಮಾಂಸ ಮಾರೋ ಹಕ್ಕನ್ನ ತೆಗೆದು ಊಟದ ಹಕ್ಕನ್ನ ಮಾತ್ರ ಉಳಿಸ್ತು, ನಮ್ಮ ಪ್ರಾಂತ್ಯಕ್ಕೆ ಅದಿಲ್ಲ. ಅದಕ್ಕೇ ಹೇಳೋದು, ಇಲ್ಲಿ ಓದಿದ್ದನ್ನ ನಂಬ್ಕೊಂಡು ಬಂದೂಕು ಎತ್ತಬೇಡಿ, ನಿಮ್ಮ ಟ್ರೀಟಿ, ನಿಮ್ಮ ಜಾಗ, ನಿಮ್ಮ ಸಂದರ್ಭ ತಗೊಂಡು ವಕೀಲರ ಹತ್ರ ಕೂತು ಕೇಳಿ.

ಆ ದಾಯಾದಿಗಳ ಅಜ್ಜಿ ಮನೆಗೆ ಹೋಗಿದ್ದೆ. ಮಾಂಸ ಜಪ್ತಿ ಆಗಿತ್ತು. ಅಜ್ಜಿ ಬೇರೆ ಯಾರೋ ಕೊಟ್ಟ ಒಂದು ತುಂಡು ತಗೊಂಡು, ಸಣ್ಣ ಚಾಕುವಲ್ಲಿ ಸುತ್ತ ಸುತ್ತ ಬಿಡಿಸ್ತಾ ಬಿಡಿಸ್ತಾ, ಬಾಳೆಲೆ ಅಗಲದ ತೆಳು ಹಾಳೆ ಮಾಡಿ ಹೊಗೆ ಮೇಲೆ ಕೋಲಿಗೆ ಹಾಕ್ತಿದ್ರು. ಒಂದು ಕಡೆಯೂ ತೂತಾಗ್ಲಿಲ್ಲ. "ಹುಡುಗರಿಗೆ ಹೊಡೆಯೋದು ಗೊತ್ತು, ಎಲ್ಲಿ ಹೊಡೀಬಾರ್ದು ಅನ್ನೋದನ್ನ ಅವರ ತಾತ ಹೇಳ್ಕೊಡ್ಬೇಕಿತ್ತು, ಅಷ್ಟೊತ್ತಿಗೆ ಹೋಗ್ಬಿಟ್ರು" ಅಂದ್ರು. ನನಗೆ ಏನು ಹೇಳ್ಬೇಕೋ ತೋಚಲಿಲ್ಲ, ಕೊಟ್ಟ ಟೀ ಕುಡಿದು ಬಂದೆ.

ಕೊಡಗಿನ ಹುಡುಗ ಈ ವಾರ ಮತ್ತೆ ಫೋನ್ ಮಾಡಿದ್ದ. ಈ ಸಲವೂ ಡ್ರಾ ಬಂದಿಲ್ಲ. ಆ ಕ್ರೀ ಗೆಳೆಯ ಕರೀತಿದಾನಂತೆ, "ನಾನು ಹೋಗ್ಲಾ ಅಕ್ಕಾ?" ಅಂದ. ಹೋಗು, ಆದ್ರೆ ಹಕ್ಕು ಅವನದ್ದು, ನಿನ್ನದಲ್ಲ, ಬಂದೂಕು ಮನೇಲಿಟ್ಟು ಹೋಗು, ಅವರ ಬ್ಯಾಂಡ್ (ಮೂಲನಿವಾಸಿ ಸಮುದಾಯದ ಆಡಳಿತ) ಆಫೀಸಿಗೆ ಮೊದಲೇ ಒಂದು ಮಾತು ಕೇಳಿಸು, ವಾಪಸ್ ಬರೋವಾಗ ಅವನು ಮಾಂಸದಲ್ಲಿ ಪಾಲು ಕೊಟ್ರೆ ಯಾರು ಕೊಟ್ಟಿದ್ದು, ಯಾವತ್ತು, ಎಷ್ಟು ಅಂತ ಅವನ ಕೈಲೇ ಚೀಟಿ ಬರೆಸಿ ಸಹಿ ಹಾಕಿಸ್ಕೊ, ಅದನ್ನ ಫ್ರೀಜರ್ ಬಾಗಿಲಿಗೇ ಅಂಟಿಸು ಅಂದೆ. "ಮಾಂಸ ಕೊಯ್ಯೋಕೆ ಚಾಕು ತಗೊಂಡು ಹೋಗ್ಬಹುದಾ?" ಅಂದ. ತಗೊಂಡು ಹೋಗಪ್ಪ, ಒಳ್ಳೆ ಮಸೆದು ತಗೊಂಡು ಹೋಗು ಅಂದೆ.