ಹೆಸರಿಲ್ಲದ ಬಟನ್‌ಗಳು

"ಬಟನ್. ಬಟನ್. ಗ್ರಾಫಿಕ್. ಬಟನ್." ಕಣ್ಣು ಕಾಣದವರು ಹೊಸ ಸಾಫ್ಟ್‌ವೇರ್ ತೆರೆದು ಟ್ಯಾಬ್ ಕೀ ಒತ್ತುತ್ತಾ ಹೋದರೆ ಪರದೆಯನ್ನು ದನಿಯಲ್ಲಿ ಓದಿ ಹೇಳುವ ಪ್ರೋಗ್ರಾಮ್, ಅಂದರೆ ಸ್ಕ್ರೀನ್ ರೀಡರ್, ಹೇಳಿ ಎಷ್ಟೋ ಸಲ ಕಿವಿಗೆ ಬೀಳುವುದು ಇಷ್ಟೇ. ಇದರಲ್ಲಿ ಸೇವ್ ಯಾವುದು, ಡಿಲೀಟ್ ಯಾವುದು? ಒತ್ತಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಒತ್ತಿದ್ದು ಡಿಲೀಟ್ ಆಗಿದ್ದರೆ ಮಾಡಿದ ಕೆಲಸವೆಲ್ಲ ಹೋಯಿತು.

ಮೊದಲು ಇಷ್ಟು ಕಷ್ಟ ಇರಲಿಲ್ಲ. ವಿಂಡೋಸ್‌ಗಿಂತ ಮೊದಲಿನ ಡಾಸ್ ಕಾಲದ ಕಂಪ್ಯೂಟರ್ ಪರದೆಯಲ್ಲಿ ಇರುತ್ತಿದ್ದದ್ದು ಹೆಚ್ಚಾಗಿ ಬರೀ ಅಕ್ಷರ. 25 ಸಾಲು, ಸಾಲಿಗೆ 80 ಅಕ್ಷರ. ಎಲ್ಲಿ ಯಾವ ಅಕ್ಷರ ಇದೆ ಅನ್ನುವುದು ಮೆಮೊರಿಯಲ್ಲೇ ಸಿಗುತ್ತಿತ್ತು. ಅದನ್ನು ಎತ್ತಿ ದನಿಗೆ ಕೊಟ್ಟರೆ ಸಾಕಿತ್ತು. 1980ರ ದಶಕದಲ್ಲಿ ಐಬಿಎಂನ ಜಿಮ್ ಥ್ಯಾಚರ್ ಮಾಡಿದ ಸ್ಕ್ರೀನ್ ರೀಡರ್ ಡಾಸ್ ಪರದೆಯನ್ನು ಓದಿ ಹೇಳುತ್ತಿತ್ತು. 1989ರಲ್ಲಿ ಜಾಸ್ ಅನ್ನುವ ಇನ್ನೊಂದು ಸ್ಕ್ರೀನ್ ರೀಡರ್ ಬಂತು. ಅದನ್ನು ಶುರು ಮಾಡಿದ ಟೆಡ್ ಹೆಂಟರ್ ಅಪಘಾತದಲ್ಲಿ ಕಣ್ಣು ಕಳೆದುಕೊಂಡಿದ್ದ ಇಂಜಿನಿಯರ್.

ಆಮೇಲೆ ವಿಂಡೋಸ್, ಐಕಾನ್, ಮೌಸ್. ನೋಡುವವರಿಗೆ ಸುಲಭವಾದದ್ದೇ ಇವರಿಗೆ ಗೋಡೆಯಾಯಿತು. ಪ್ರಿಂಟರ್‌ನ ಪುಟ್ಟ ಚಿತ್ರ ಸ್ಕ್ರೀನ್ ರೀಡರ್ ಪಾಲಿಗೆ ಬರೀ ಚುಕ್ಕೆಗಳ ಗುಂಪು. ಪರದೆಗೆ ಹೋಗುವ ಆದೇಶಗಳನ್ನು ನಡುದಾರಿಯಲ್ಲೇ ಹಿಡಿದು, ಅಲ್ಲಿ ಏನಿರಬಹುದು ಅಂತ ಅದು ಲೆಕ್ಕ ಹಾಕಬೇಕಿತ್ತು. 1997ರಲ್ಲಿ ಮೈಕ್ರೋಸಾಫ್ಟ್ 'ಆ್ಯಕ್ಟಿವ್ ಆ್ಯಕ್ಸೆಸಿಬಿಲಿಟಿ' ತಂದಿತು. 'ಇದು ಬಟನ್, ಇದರ ಹೆಸರು ಪ್ರಿಂಟ್' ಅಂತ ಪ್ರೋಗ್ರಾಮೇ ಸ್ಕ್ರೀನ್ ರೀಡರ್‌ಗೆ ತಿಳಿಸುವ ದಾರಿ ಅದು. 1999ರಲ್ಲಿ ವೆಬ್‌ಗೂ ಇಂಥದ್ದೇ ನಿಯಮಾವಳಿ ಬಂತು, ಪುಟಗಳು ಅಂಗವಿಕಲರಿಗೂ ಬಳಸಲು ಬರುವಂತೆ ಇರಬೇಕು ಅಂತ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್, ಅವರಿಗೂ ಕಣ್ಣು ಕಾಣದು, ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಬರೆಯಲು ಶುರು ಮಾಡಿದರು. ಅದು ಪೂರ್ತಿ ಉಚಿತ. ದುಬಾರಿ ಸ್ಕ್ರೀನ್ ರೀಡರ್ ಕೊಳ್ಳಲಾಗದವರಿಗೆ ಇದು ಎಷ್ಟು ದೊಡ್ಡ ಉಪಕಾರ ಅಲ್ವಾ! 2009ರಲ್ಲಿ ವಾಯ್ಸ್‌ಓವರ್ ಅನ್ನುವ ಸ್ಕ್ರೀನ್ ರೀಡರ್ ಬಂದು ಐಫೋನ್ ಕೂಡ ಮಾತಾಡಿತು.

ಅಂದರೆ ದಾರಿ ಇದೆ, ಹೆಸರು ಬರೆಯುವವರಿಲ್ಲ. ಎಷ್ಟೋ ಬಟನ್‌ಗಳಿಗೆ ಬೇಕಿರುವುದು ಕೋಡ್‌ನಲ್ಲಿ ಒಂದೇ ಒಂದು ಸಾಲು. ಕೋಡ್ ಬರೆಯುವವರಿಗೆ ಚಿತ್ರ ಕಾಣುತ್ತಿರುತ್ತದೆ, ಮೌಸ್ ಕೈಯಲ್ಲಿರುತ್ತದೆ, ಕೊರತೆ ಗೊತ್ತೇ ಆಗುವುದಿಲ್ಲ. ವೆಬ್‌ಏಮ್ ಸಂಸ್ಥೆ 2019ರಲ್ಲಿ 10 ಲಕ್ಷ ವೆಬ್‌ಸೈಟ್‌ಗಳ ಮುಖಪುಟಗಳನ್ನು ಪರೀಕ್ಷಿಸಿದಾಗ 97.8% ಪುಟಗಳಲ್ಲಿ ಇಂಥ ನಿಯಮ ಮೀರಿದ ತಪ್ಪು ಸಿಕ್ಕಿತು. 2024ರಲ್ಲಿ 95.9%. ಐದು ವರ್ಷಕ್ಕೆ ಇಳಿದದ್ದು ಇಷ್ಟೇ!

ಇದಕ್ಕಿಂತ ಜಾಸ್ತಿ ನೋಯಿಸುವುದು ಅಪ್‌ಡೇಟ್. ಏಳು ಸಲ ಟ್ಯಾಬ್, ಆಮೇಲೆ ಎಂಟರ್ ಅಂತ ಬೆರಳಿಗೆ ರೂಢಿಯಾಗಿರುತ್ತದೆ. ಒಂದು ಬೆಳಗ್ಗೆ ಎದ್ದು ನೋಡಿದರೆ ಎಲ್ಲ ಜಾಗ ಬದಲು, ನಿನ್ನೆ ಓದುತ್ತಿದ್ದ ಬಟನ್ ಇವತ್ತು ಮೂಕ. ದೂರು ಕೊಟ್ಟರೆ ಮುಂದಿನ ಆವೃತ್ತಿಯಲ್ಲಿ ನೋಡುತ್ತೇವೆ ಅನ್ನುವ ಉತ್ತರ. ಅಲ್ಲಿಯವರೆಗೆ ಅವರ ಕೆಲಸ ನಿಂತಿರಬೇಕಾ?

ಬೇಸತ್ತವರು ಹೆಸರನ್ನು ತಾವೇ ಬರೆದುಕೊಳ್ಳುತ್ತಾರೆ. ಐಫೋನ್‌ನ ವಾಯ್ಸ್‌ಓವರ್‌ನಲ್ಲಿ ಎರಡು ಬೆರಳಿನಿಂದ ಎರಡು ಸಲ ತಟ್ಟಿ ಒತ್ತಿ ಹಿಡಿದರೆ ಬಟನ್‌ಗೆ ಹೆಸರು ಕೊಡಬಹುದು. ಆದರೆ ಏನಂತ ಬರೆಯುವುದು? ಅದಕ್ಕೆ ಮೊದಲು ಕಣ್ಣು ಕಾಣುವ ಯಾರನ್ನಾದರೂ ಕರೆದು, "ಇದು ಯಾವ ಬಟನ್, ಸ್ವಲ್ಪ ನೋಡಿ ಹೇಳ್ತೀರಾ?" ಅಂತ ಕೇಳಬೇಕು.