ಅತಿಥಿ ಕಲಾವಿದರನ್ನು ಕರೆಯುವ ಮುನ್ನ ಹಾಡಿನಲ್ಲಿ ಎಲೆ ಹಾಕಿ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದೇನೆ. ನಾನೇ ಬರೆದು ರಾಗ ಹಾಕಿದ ಎಂಟು ಹಾಡುಗಳನ್ನು ಸ್ವಂತ ಖರ್ಚಿನಲ್ಲಿ ಆಲ್ಬಂ ಮಾಡುತ್ತಿದ್ದೇನೆ. ಗಾಯನ, ಗಿಟಾರ್ ಎರಡೂ ನನ್ನದೇ. ಮೂರು ಹಾಡುಗಳಿಗೆ ಕೊಳಲು, ಪಿಟೀಲು, ಮೃದಂಗ ಬೇಕೆನಿಸುತ್ತಿದೆ. ಪರಿಚಯವಿಲ್ಲದ ಕಲಾವಿದರನ್ನು ಹೇಗೆ ಕೇಳುವುದು? ಸಂಭಾವನೆ ಹೇಗೆ ನಿರ್ಧರಿಸುವುದು? ನಾಳೆ ಹಾಡಿನ ಹಕ್ಕಿನಲ್ಲಿ ಅವರಿಗೂ ಪಾಲು ಬರುತ್ತದೆಯೇ?

ಉತ್ತರ: ಈ ಪ್ರಶ್ನೆಯನ್ನು ನನಗೆ ಬಹಳ ಜನ ಕೇಳಿದ್ದಾರೆ. ಹೆಚ್ಚಿನವರು ಹಣದಿಂದಲೇ ಆರಂಭಿಸುತ್ತಾರೆ. ಹಣಕ್ಕೂ ಹಕ್ಕಿಗೂ ಬರುತ್ತೇನೆ. ಆದರೆ ನನ್ನ ಅನುಭವದಲ್ಲಿ ಇಂಥ ಕೆಲಸ ಕೆಡುವುದು ಅತಿಥಿಗಳು ಸ್ಟುಡಿಯೊ ಮೆಟ್ಟಿಲು ಹತ್ತುವ ಮೊದಲೇ. ಊಟಕ್ಕೆ ಕರೆದವರು ಬಂದು ಕುಳಿತ ಮೇಲೆ ಬಾಳೆಲೆ ತರಲು ನಾವು ಮಾರುಕಟ್ಟೆಗೆ ಓಡುವುದಿಲ್ಲವಲ್ಲ. ಕೊಳಲಿನವರಿಗೆ ಫೋನ್ ಮಾಡುವ ಹೊತ್ತಿಗೆ ಹಾಡಿನಲ್ಲಿ ಕೊಳಲಿಗೆ ಎಲೆ ಬಿದ್ದಿರಬೇಕು.

ಸ್ವಂತ ಖರ್ಚಿನ ಆಲ್ಬಂಗಳಲ್ಲಿ ನಾನು ಮತ್ತೆ ಮತ್ತೆ ಕಂಡಿರುವ ತಪ್ಪೆಂದರೆ, ಹಾಡನ್ನು ಗಿಟಾರ್, ಕೀಬೋರ್ಡ್, ಕೋರಸ್‌ಗಳಿಂದ ಅಂಚಿನವರೆಗೂ ತುಂಬಿಸಿ, ಕೊನೆಗೆ "ಇದರ ಮೇಲೆ ಸ್ವಲ್ಪ ಪಿಟೀಲು ಇರಲಿ" ಎನ್ನುವುದು. ವರ್ಷಗಟ್ಟಲೆ ಸಾಧನೆ ಮಾಡಿದ ಕಲಾವಿದರು ಬಂದು ಸೊಗಸಾಗಿ ನುಡಿಸಿ ಹೋಗುತ್ತಾರೆ. ಎಲ್ಲ ಧ್ವನಿಗಳನ್ನೂ ಹದವಾಗಿ ಬೆರೆಸುವ ಮಿಕ್ಸಿಂಗ್ ಮುಗಿದಾಗ ಆ ಪಿಟೀಲು ಕೀಬೋರ್ಡಿನ ಅಡಿಯಲ್ಲೆಲ್ಲೋ ಹೂತುಹೋಗಿರುತ್ತದೆ. ಇದು ಕಲಾವಿದರಿಗೆ ಮಾಡುವ ಅನ್ಯಾಯವೆಂದೇ ನಾನು ತಿಳಿದಿದ್ದೇನೆ. ಪಲ್ಲವಿ ಮತ್ತು ಮೊದಲ ಚರಣದ ನಡುವೆ ಕೊಳಲು ಬರಬೇಕೆಂದಿದ್ದರೆ, ಆ ಎಂಟು ಆವರ್ತದಲ್ಲಿ (ತಾಳದ ಸುತ್ತಿನಲ್ಲಿ) ನಿಮ್ಮ ಗಿಟಾರನ್ನು ಅರ್ಧಕ್ಕಿಳಿಸಿ, ಕೀಬೋರ್ಡನ್ನು ಪೂರ್ತಿ ತೆಗೆದು ಒಮ್ಮೆ ಕೇಳಿ. ಆ ಖಾಲಿ ಜಾಗ ನಿಮಗೆ ಸ್ವಲ್ಪ ಭಯ ಹುಟ್ಟಿಸಿದರೆ ಅಳತೆ ಸರಿಯಾಗಿದೆ.

ಪಿಟೀಲಿನ ವಿಷಯದಲ್ಲಿ ಇನ್ನೊಂದು ಮಾತು. ಕರ್ನಾಟಕ ಸಂಗೀತದ ಪಿಟೀಲು ವಾದಕರಿಗೆ ಗಾಯಕರನ್ನು ನೆರಳಿನಂತೆ ಹಿಂಬಾಲಿಸುವುದು ರಕ್ತಗತವಾದ ಶಿಸ್ತು. ನೀವು ಏನೂ ಹೇಳದಿದ್ದರೆ ಅವರು ನಿಮ್ಮ ಪ್ರತಿ ಸಾಲನ್ನೂ ನಿಮ್ಮ ಜೊತೆಯಲ್ಲೇ ನುಡಿಸುತ್ತಾರೆ. ಕಛೇರಿಯಲ್ಲಿ ಅದೇ ಸೊಬಗು. ಗಿಟಾರ್ ಜೊತೆಗಿನ ಭಾವಗೀತೆಯಲ್ಲಿ ಅದರಿಂದ ಗಾಯನದ ಅಂಚು ಮಸುಕಾಗಬಹುದು. ಆದ್ದರಿಂದ "ಈ ಎರಡು ಸಾಲಿನಲ್ಲಿ ನನ್ನ ಹಿಂದೆ ಬನ್ನಿ, ಇಲ್ಲಿ ಉತ್ತರ ಕೊಡಿ, ಇಲ್ಲಿ ಸುಮ್ಮನಿರಿ" ಎಂದು ಸಾಹಿತ್ಯದ ಹಾಳೆಯ ಮೇಲೆ ಗುರುತು ಹಾಕಿಡಿ. ಹೀಗೆ ಕೇಳಿದರೆ ಹಿರಿಯರು ಬೇಸರಪಟ್ಟುಕೊಂಡಾರೆಂಬ ಅಳುಕು ಬೇಡ. ಹಾಡಿನ ಮೇಲೆ ಯೋಚನೆ ಖರ್ಚಾಗಿದೆ ಎಂಬುದು ಗೊತ್ತಾದರೆ ಅವರಿಗೆ ಖುಷಿಯೇ.

ಗಿಟಾರಿನ ಕಾರ್ಡ್‌ಗಳನ್ನೂ (ಒಟ್ಟಿಗೆ ಮೀಟುವ ಸ್ವರಗುಚ್ಛಗಳನ್ನೂ) ಪರಿಶೀಲಿಸಿ. ಮೋಹನದಂಥ ರಾಗದಲ್ಲಿ ಕಷ್ಟವಾಗುವುದಿಲ್ಲ. ತೋಡಿಯ ಛಾಯೆ ಇದ್ದರೆ ಎಚ್ಚರ ಬೇಕು: ಅಲ್ಲಿನ ಗಾಂಧಾರ ಒಂದೇ ಕಡೆ ನಿಲ್ಲುವ ಸ್ವರವಲ್ಲ, ರಿಷಭ ಮಧ್ಯಮಗಳ ನಡುವೆ ತೂಗುವ ಸ್ವರ. ಅದರ ಕೆಳಗೆ ಗಿಟಾರು ಸ್ಥಿರವಾದ ಗಾಂಧಾರವನ್ನು ಹಿಡಿದು ನಿಂತರೆ ಕೊಳಲಿನ ಗಮಕ ಅಪಸ್ವರದಂತೆ ಕೇಳಿಸುತ್ತದೆ, ದೂರು ಕೊಳಲಿನವರ ಮೇಲೆ ಬರುತ್ತದೆ. ಅಂಥ ಕಡೆ ಷಡ್ಜ ಪಂಚಮ ಮಾತ್ರ ಮೀಟಿದರೆ ಸಾಕು.

ಇನ್ನು ಶ್ರುತಿ. ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಹಾಡಿನ ಗೈಡ್ ಟ್ರ್ಯಾಕನ್ನು, ಅಂದರೆ ಉಳಿದವರು ಕೇಳಿ ನುಡಿಸಲೆಂದು ಮೊದಲು ಮಾಡಿಕೊಳ್ಳುವ ತಾತ್ಕಾಲಿಕ ಧ್ವನಿಮುದ್ರಣವನ್ನು, ಮನೆಯ ಹಳೆಯ ಹಾರ್ಮೋನಿಯಂ ಇಟ್ಟುಕೊಂಡು ಹಾಡಿದ್ದೆ. ಗಿಟಾರನ್ನೂ ಅದಕ್ಕೇ ಹೊಂದಿಸಿಕೊಂಡಿದ್ದೆ. ಆ ಪೆಟ್ಟಿಗೆಯ ಶ್ರುತಿ, ವಾದ್ಯಗಳನ್ನು ಹೊಂದಿಸುವ ಪ್ರಮಾಣಿತ ಮಟ್ಟವಾದ 440 ಹರ್ಟ್ಸ್‌ಗಿಂತ ತುಸು ಮೇಲಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಕೊಳಲಿನವರು ಬಂದರು, ಚೀಲದಿಂದ ಒಂದೊಂದೇ ಕೊಳಲು ತೆಗೆದು ಊದಿದರು, ಒಂದೂ ಕೂಡಲಿಲ್ಲ. ತಂತಿಯನ್ನು ಬಿಗಿ ಮಾಡಬಹುದು, ಬಿದಿರನ್ನು ಹಾಗೆ ಮಾಡಲಾಗದು. ಊದುವ ಕೋನ ಬದಲಿಸಿ ಅವರು ಒಂದು ಗಂಟೆ ಹೆಣಗಿದರು. ಕೊನೆಗೆ ಗೈಡ್ ಟ್ರ್ಯಾಕನ್ನೇ ಹೊಸದಾಗಿ ಮಾಡಬೇಕಾಯಿತು, ಅವರು ಇನ್ನೊಂದು ದಿನ ಬರಬೇಕಾಯಿತು. ಆ ಎರಡನೆಯ ದಿನದ ಸಂಭಾವನೆಯನ್ನೂ ನಾನು ಕೊಟ್ಟೆ. ತಪ್ಪು ನನ್ನದಾಗಿತ್ತು.

ಹಾಗಾಗಿ ಮೊದಲ ಫೋನಿನಲ್ಲೇ ಶ್ರುತಿ ತಿಳಿಸಿ. ಗಿಟಾರಿನವರು ಸಿ ಶಾರ್ಪ್ ಎನ್ನುವುದನ್ನು ನಮ್ಮ ವಿದ್ವಾಂಸರು ಒಂದೂವರೆ ಮನೆ ಎನ್ನುತ್ತಾರೆ. ಜಿ ಎಂದರೆ ಐದು ಮನೆ, ಜಿ ಶಾರ್ಪ್ ಎಂದರೆ ಐದೂವರೆ. ಮೃದಂಗದವರಿಗಂತೂ ಇದು ತೀರಾ ಮುಖ್ಯ. ತಗ್ಗು ಶ್ರುತಿಗೂ ಹೆಚ್ಚು ಶ್ರುತಿಗೂ ಅವರು ತರುವ ವಾದ್ಯವೇ ಬೇರೆ. ಬೆಂಗಳೂರಿನ ಮಳೆಗಾಲದ ತೇವಕ್ಕೆ ಚರ್ಮ ಸಡಿಲವಾಗುತ್ತದೆ, ಸ್ಟುಡಿಯೊದ ಎಸಿಯಲ್ಲಿ ಒಣಗಿ ಶ್ರುತಿ ಮೇಲೇರುತ್ತದೆ. ವಾದ್ಯ ಆ ಕೋಣೆಯ ಹವೆಗೆ ಒಗ್ಗಲು ಅರ್ಧ ಗಂಟೆಯಾದರೂ ಬಿಡಿ. ಗಂಟೆ ಲೆಕ್ಕದಲ್ಲಿ ಬಾಡಿಗೆ ಓಡುತ್ತಿದೆ ಎಂದು ಆ ಹೊತ್ತಿನಲ್ಲಿ ಅವಸರಿಸಬೇಡಿ.

ಮೃದಂಗವನ್ನು ಯಾವಾಗ ಧ್ವನಿಮುದ್ರಿಸಬೇಕು ಎಂಬುದರಲ್ಲಿ ನನ್ನ ಅಭಿಪ್ರಾಯ ಅನೇಕ ಸೌಂಡ್ ಎಂಜಿನಿಯರುಗಳ ಅಭಿಪ್ರಾಯಕ್ಕಿಂತ ಭಿನ್ನ. ಡ್ರಮ್ಸ್ ಇರುವ ಹಾಡಿನಲ್ಲಿ ಮೊದಲು ತಾಳವಾದ್ಯ, ಕೊನೆಗೆ ಗಾಯನ ಎಂಬ ಕ್ರಮ ಸರಿ. ಮೃದಂಗ ಹಾಗಲ್ಲ. ನೀವು ಎಲ್ಲಿ ಉಸಿರು ತೆಗೆದುಕೊಳ್ಳುತ್ತೀರಿ, ಎರಡನೆಯ ಸಲ ಅದೇ ಸಾಲನ್ನು ಹೇಗೆ ತಿರುಗಿಸುತ್ತೀರಿ, ಯಾವ ಪದದ ಮೇಲೆ ಒತ್ತು ಕೊಡುತ್ತೀರಿ ಎಂಬುದನ್ನು ಕೇಳಿಸಿಕೊಂಡೇ ಮೃದಂಗದವರು ನುಡಿಸುತ್ತಾರೆ. ಅವಸರದ ಗೈಡ್ ಗಾಯನಕ್ಕೆ ಅವರಿಂದ ನುಡಿಸಿಕೊಂಡು, ಆಮೇಲೆ ನೀವು ಬೇರೆ ರೀತಿ ಹಾಡಿದರೆ, ಅವರ ಬೆರಳು ಉತ್ತರಿಸಿದ ಪ್ರಶ್ನೆಯೇ ಹಾಡಿನಲ್ಲಿ ಇರುವುದಿಲ್ಲ. ನಿಮ್ಮ ಅಂತಿಮ ಗಾಯನ ಮುಗಿಸಿ ಮೃದಂಗಕ್ಕೆ ಕರೆಯಿರಿ. ಸಾಧ್ಯವಾದರೆ ಇಬ್ಬರೂ ಗಾಜಿನ ಆಚೀಚೆ ಕುಳಿತು ಒಟ್ಟಿಗೇ ಮುದ್ರಿಸಿ, ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ತಾಳದ ಸಮ (ಆವರ್ತದ ಮೊದಲ ಎಣಿಕೆ) ಎಲ್ಲಿ, ಹಾಡಿನ ಎಡುಪು (ಹಾಡು ಎತ್ತುವ ಜಾಗ) ಎಲ್ಲಿ ಎಂಬುದನ್ನು ಬಾಯಲ್ಲಿ ಹೇಳಿ, ಎರಡು ಆವರ್ತ ಖಾಲಿ ಕ್ಲಿಕ್ (ಲಯ ತೋರಿಸುವ ಟಕ್ ಸದ್ದು) ಬಿಡಿ. ನೀವು ಅರ್ಧ ಎಣಿಕೆ ಬಿಟ್ಟು ಹಾಡು ಎತ್ತುವವರಾದರೆ, ಬರಿಯ ಕ್ಲಿಕ್ ಕೇಳಿದವರಿಗೆ ಅದು ಗೊತ್ತಾಗುವುದಿಲ್ಲ.

ಕಲಾವಿದರು ತಮ್ಮ ಮನೆಯಲ್ಲೇ ಮುದ್ರಿಸಿ ಕಳಿಸುವುದೂ ಈಗ ಸಾಮಾನ್ಯ. ಆಗ ಎಂಪಿ3 ಕಳಿಸಬೇಡಿ. ಆ ರೂಪಕ್ಕೆ ಬದಲಿಸುವಾಗ ಆರಂಭದಲ್ಲಿ ಒಂದು ಚೂರು ಮೌನ ಸೇರಿಕೊಳ್ಳುವುದರಿಂದ ಅವರ ವಾದನ ನಿಮ್ಮ ಟ್ರ್ಯಾಕಿಗೆ ಕೂದಲೆಳೆಯಷ್ಟು ಹಿಂದು ಮುಂದಾಗುತ್ತದೆ. 24 ಬಿಟ್‌ನ ವೇವ್ (ಧ್ವನಿಯನ್ನು ಕುಗ್ಗಿಸದ) ಕಡತವನ್ನು ಹಾಡಿನ ಸೊನ್ನೆ ಬಿಂದುವಿನಿಂದಲೇ ಕಳಿಸಿ, ಮರಳಿ ಬರುವ ಕಡತವೂ ಅಲ್ಲಿಂದಲೇ ಶುರುವಾಗಲಿ, ರಿವರ್ಬ್ (ಕೃತಕ ಅನುರಣನ) ಹಾಕದೆ ಇರಲಿ.

ಈಗ ಕೇಳುವ ಬಗೆ. ಕಛೇರಿ ಮುಗಿದ ಕೂಡಲೇ ವೇದಿಕೆಯ ಪಕ್ಕದಲ್ಲಿ ಮುತ್ತಿಗೆ ಹಾಕಬೇಡಿ. ನಮಸ್ಕಾರ ಹೇಳಿ, ಫೋನ್ ಮಾಡಬಹುದೇ ಎಂದು ಮಾತ್ರ ಕೇಳಿ ಬನ್ನಿ. ಫೋನಿನಲ್ಲಿ ಅವರ ಯಾವ ಕಛೇರಿಯಲ್ಲಿ ಏನು ಕೇಳಿ ನಿಮ್ಮ ಹಾಡಿಗೆ ಅವರೇ ಬೇಕೆನಿಸಿತು ಎಂಬುದನ್ನು ಹೇಳಿ. ಅದು ನಿಮಗೇ ಗೊತ್ತಿಲ್ಲದಿದ್ದರೆ ಇನ್ನೂ ಸ್ವಲ್ಪ ಕೇಳಿಕೊಂಡು ಆಮೇಲೆ ಕರೆ ಮಾಡಿ. ಹಾಡು, ಸಾಹಿತ್ಯ, ಶ್ರುತಿ, ತಾಳ, ದಿನ, ಸ್ಥಳ ಎಲ್ಲವೂ ಒಂದೇ ಸಂದೇಶದಲ್ಲಿ ಹೋಗಲಿ. ಸ್ವರ ಹಾಕಿದ ಹಾಳೆ ಕೆಲವರಿಗೆ ಬೇಕು, ಕೆಲವರಿಗೆ ಎರಡು ಸಲ ಕೇಳಿದರೆ ಸಾಕು. ಅದನ್ನೂ ವಿಚಾರಿಸಿ.

ಕಾಲ ನೋಡಿ ಕೇಳುವುದಂತೂ ಅರ್ಧ ಕೆಲಸ. ರಾಮನವಮಿಯ ಆಸುಪಾಸಿನಲ್ಲಿ ಈ ಊರಿನಲ್ಲಿ ಸಂಗೀತೋತ್ಸವಗಳು ಸಾಲುಗಟ್ಟುತ್ತವೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ಉತ್ಸವ 1939ರಿಂದ ಬಂದದ್ದು. ಆಗ ಪಕ್ಕವಾದ್ಯದವರಿಗೆ ಬಿಡುವಿರುವುದಿಲ್ಲ. ಡಿಸೆಂಬರ್ ನಡುವಿನಿಂದ ಅನೇಕರು ಚೆನ್ನೈನಲ್ಲಿರುತ್ತಾರೆ. ಗಣೇಶನ ಹಬ್ಬ, ದಸರಾ, ಬಳಿಕ ನವೆಂಬರ್ ತಿಂಗಳಿಡೀ ರಾಜ್ಯೋತ್ಸವ: ಸುಗಮ ಸಂಗೀತದವರೂ ಜನಪದ ತಂಡಗಳೂ ಊರೂರು ಸುತ್ತುತ್ತಿರುತ್ತಾರೆ. ಆಷಾಢದಲ್ಲಿ ಮದುವೆಗಳಿಲ್ಲ. ನಾದಸ್ವರ, ಡೋಲು ಬೇಕಿದ್ದವರಿಗೆ ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಬೆಳಗ್ಗೆ ಒಂಬತ್ತಕ್ಕೆ ವೈಟ್‌ಫೀಲ್ಡಿನ ಸ್ಟುಡಿಯೊಗೆ ಬನ್ನಿ ಎಂದು ರಾಜಾಜಿನಗರದವರಿಗೆ ಹೇಳಬೇಡಿ. ಹನ್ನೊಂದೂವರೆಗೆ ಹೇಳಿ, ಅವರ ಮನೆಗೆ ಹತ್ತಿರದ ಸ್ಟುಡಿಯೊ ಸಿಕ್ಕರೆ ಅದನ್ನೇ ಹಿಡಿಯಿರಿ. ಎರಡು ಗಂಟೆ ಸಿಗ್ನಲುಗಳಲ್ಲಿ ಬೆಂದು ಬಂದವರ ಪಿಟೀಲಿನ ಕಮಾನಿನಲ್ಲಿ ಆ ದಣಿವು ಕೇಳಿಸುತ್ತದೆ.

ಸಂಭಾವನೆಗೆ ಇಷ್ಟೇ ಎಂಬ ದರಪಟ್ಟಿ ಇಲ್ಲ. ಕೆಲವರು ಹಾಡಿಗೆ ಇಷ್ಟೆಂದು, ಕೆಲವರು ಕಾಲ್‌ಶೀಟಿಗೆ (ಒಂದು ಪಾಳಿಯ ಕೆಲಸಕ್ಕೆ) ಇಷ್ಟೆಂದು ಹೇಳುತ್ತಾರೆ. "ತಮ್ಮ ಸಂಭಾವನೆ ಎಷ್ಟು?" ಎಂದು ನೇರವಾಗಿ ಕೇಳಿ. ನಿಮ್ಮ ಕೈಗೆ ಮೀರಿದ್ದಾದರೆ ನಿಮ್ಮಿಂದ ಆಗುವ ಮೊತ್ತವನ್ನು ನೇರವಾಗಿಯೇ ತಿಳಿಸಿ, ಅವರು ಒಲ್ಲೆ ಎಂದರೆ ಗೌರವದಿಂದ ಒಪ್ಪಿಕೊಳ್ಳಿ. ಎಂಟು ಹಾಡಿಗೆ ಚೂರುಪಾರು ಹಂಚುವ ಬದಲು ಎರಡು ಹಾಡಿಗೆ ಸರಿಯಾಗಿ ಕೊಡಿ. "ನಿಮಗೂ ಪ್ರಚಾರ ಸಿಗುತ್ತದೆ" ಎಂಬ ಮಾತನ್ನು ದಯವಿಟ್ಟು ಆಡಬೇಡಿ. ಗೆಳೆತನದಿಂದ ಹಣ ಬೇಡವೆನ್ನುವವರಿದ್ದಾರೆ. ಅವರಿಗೂ ಓಡಾಟದ ಖರ್ಚು, ಊಟ ನಿಮ್ಮದೇ. ಮುದ್ರಣ ಮುಗಿದ ದಿನವೇ, ಅವರು ಚಪ್ಪಲಿ ಮೆಟ್ಟುವ ಮೊದಲು ಹಣ ಸಂದಾಯವಾಗಿರಲಿ.

ಹಕ್ಕಿನ ಪ್ರಶ್ನೆಗೆ ಬಂದರೆ, ಉತ್ತರಕ್ಕೆ ಎರಡು ಮುಖಗಳಿವೆ. ಧ್ವನಿಮುದ್ರಣ ಮಾಡಿಸುವ ಹೊಣೆ ಹೊತ್ತವರು ಅದರ ನಿರ್ಮಾಪಕರು. ನಿಮ್ಮ ಆಲ್ಬಂಗೆ ಅದು ನೀವೇ, ಆ ಹಕ್ಕು 60 ವರ್ಷ. ಆದರೆ ನುಡಿಸಿದವರಿಗೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 38ನೇ ಕಲಮಿನಡಿ ಪ್ರದರ್ಶಕರ ಹಕ್ಕು ಎಂಬ ಪ್ರತ್ಯೇಕ ಹಕ್ಕಿದೆ, ಅದು 50 ವರ್ಷ. 2012ರ ತಿದ್ದುಪಡಿ ಅದನ್ನು ಇನ್ನಷ್ಟು ಗಟ್ಟಿ ಮಾಡಿತು: ನುಡಿಸಿದವರೆಂದು ಹೆಸರಿಸಿಕೊಳ್ಳುವ ಹಕ್ಕು, ತಮ್ಮ ವಾದನವನ್ನು ಹೆಸರು ಕೆಡುವಂತೆ ತಿರುಚಿದರೆ ಆಕ್ಷೇಪಿಸುವ ಹಕ್ಕು ಅವರಿಗೆ ಬಂದವು. ಹಣ ಕೊಟ್ಟ ಮಾತ್ರಕ್ಕೆ ಪ್ರದರ್ಶಕರ ಹಕ್ಕು ನಿಮ್ಮ ಕೈಗೆ ಬರುವುದಿಲ್ಲ. ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು, ಸಂಭಾವನೆ ಅಥವಾ ರಾಯಧನ (ರಾಯಲ್ಟಿ) ಎಷ್ಟೆಂದು ಅದರಲ್ಲಿ ಕಾಣಿಸಬೇಕು. ಅವಧಿ ಬರೆಯದಿದ್ದರೆ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾಯ್ದೆ ಭಾವಿಸುತ್ತದೆ. ಇಡೀ ಜಗತ್ತಿಗೆ ಕೇಳಿಸುವ ಸ್ಟ್ರೀಮಿಂಗ್ ಕಾಲದಲ್ಲಿ ಈ ಎರಡು ಸಾಲು ಮರೆತರೆ ಕಷ್ಟ. ಕನ್ನಡದಲ್ಲಿ ಒಂದು ಪುಟ ಸಾಕು. ಕಲಾವಿದರು ಓದಿ ಸಹಿ ಮಾಡುವಂತಿರಲಿ.

ಅವರು ನೀವು ಕೊಟ್ಟ ರಾಗವನ್ನು ನುಡಿಸಿದರೋ ಅಥವಾ ಹೊಸ ರಾಗವನ್ನೇ ಕೂಡಿಸಿದರೋ ಎಂಬುದು ಬೇರೆ ವಿಷಯ. ಪಿಟೀಲಿನವರು ಹೊಳೆಯಿಸಿದ ಸಾಲೇ ನಿಮ್ಮ ಪಲ್ಲವಿಯಾಗಿಬಿಟ್ಟರೆ ಅವರು ಸಹಸಂಯೋಜಕರು, ಹಾಗೆಂದು ಬರೆಯಿರಿ. ಸಂಯೋಜಕರಿಗೆ ಬರಬೇಕಾದ ರಾಯಧನದ ಸಮಪಾಲನ್ನು ಒಂದು ಕಾಗದದಲ್ಲಿ ಬಿಟ್ಟುಕೊಡಿಸಿಕೊಳ್ಳಲು 2012ರ ತಿದ್ದುಪಡಿಯ ನಂತರ ಆಗುವುದಿಲ್ಲ. ಇನ್ನೊಂದು ಅಪಾಯ, ಹುರುಪಿನಲ್ಲಿ ನುಡಿಸುವಾಗ ಪರಿಚಿತ ಹಾಡಿನ ಎಳೆಯೊಂದು ನುಸುಳುವುದು. ಶಿಶುನಾಳ ಶರೀಫರು (1819–1889) ನಮಗೆಲ್ಲ ಸೇರಿದವರು, ಅವರ ಪದಗಳಿಗೆ ಯಾರ ಅನುಮತಿಯೂ ಬೇಡ. ಆದರೆ ನಮ್ಮ ಕಿವಿಯಲ್ಲಿ ಕುಳಿತಿರುವ ಎಷ್ಟೋ ಧಾಟಿಗಳು 2009ರಲ್ಲಿ ತೀರಿಕೊಂಡ ಸಿ. ಅಶ್ವತ್ಥ್ ಅವರ ಸಂಯೋಜನೆಗಳು. ಸಂಯೋಜಕರ ಹಕ್ಕು ಅವರ ನಿಧನದ ನಂತರವೂ 60 ವರ್ಷ ಉಳಿಯುತ್ತದೆ.

ಜನಪದ ಕಲಾವಿದರನ್ನು ಕರೆಸುವುದಾದರೆ ಈ ಎಚ್ಚರವನ್ನು ಇಮ್ಮಡಿ ಮಾಡಿ. ಚೌಡಿಕೆ ನುಡಿಸುವವರನ್ನು, ತಂಬೂರಿ ಪದ ಹಾಡುವವರನ್ನು ಹಳ್ಳಿಯಿಂದ ಕರೆತಂದು, ಕೈಗಿಷ್ಟು ಹಾಕಿ, ಆಲ್ಬಂ ಮೇಲೆ "ಜನಪದ" ಎಂದಷ್ಟೇ ಬರೆದದ್ದನ್ನು ನೋಡಿ ನನಗೆ ಬಹಳ ನೋವಾಗಿದೆ. ಹಾಡು ಕಟ್ಟಿದವರು ಯಾರೆಂದು ತಿಳಿಯದಿರಬಹುದು, ಹಾಡಿದವರಿಗೆ ಹೆಸರಿದೆ, ಊರಿದೆ. ಅವರ ಶ್ರುತಿಗೆ ನಿಮ್ಮ ಗಿಟಾರನ್ನು ಹೊಂದಿಸಿಕೊಳ್ಳಿ, ಅವರನ್ನು ಕ್ಲಿಕ್ಕಿಗೆ ಕಟ್ಟಿಹಾಕಬೇಡಿ. ಒಪ್ಪಂದವನ್ನು ಅವರ ಮನೆಯವರೊಬ್ಬರ ಎದುರು ಓದಿ ಹೇಳಿ.

ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅವರು ಹೇಗೆ ಬರೆಯುತ್ತಾರೋ ಹಾಗೆಯೇ ಬರೆಸಿಕೊಳ್ಳಿ. ಸ್ಟ್ರೀಮಿಂಗ್ ತಾಣಗಳಲ್ಲಿ ಅವರ ಪುಟವಿದ್ದರೆ ಅದರ ಕೊಂಡಿಯನ್ನೂ ಪಡೆಯಿರಿ. ಇಲ್ಲವಾದರೆ ನಿಮ್ಮ ಹಾಡು ಅದೇ ಹೆಸರಿನ ಬೇರೆ ಯಾರದೋ ಪುಟದಲ್ಲಿ ಕುಳಿತುಬಿಡುತ್ತದೆ. ಹಾಡಿನ ಹೆಸರಿನ ಜೊತೆಯಲ್ಲೇ ಅವರ ಹೆಸರು ಬರಬೇಕೋ, ವಾದ್ಯಗಾರರ ಪಟ್ಟಿಯಲ್ಲೋ ಎಂಬುದನ್ನು ಧ್ವನಿಮುದ್ರಣಕ್ಕೆ ಮುಂಚೆಯೇ ತೀರ್ಮಾನಿಸಿ.

ಮಿಕ್ಸಿಂಗ್ ಮುಗಿದ ಮೇಲೆ, ಮಾಸ್ಟರಿಂಗ್‌ಗೆ (ಕೊನೆಯ ಹದಕ್ಕೆ) ಕೊಡುವ ಮೊದಲು ಹಾಡನ್ನು ಆ ಮೂವರಿಗೂ ಕಳಿಸಿ ಒಂದು ವಾರ ಬಿಡಿ. "ಇಲ್ಲಿ ನನ್ನ ಎರಡನೆಯ ಟೇಕ್ ಚೆನ್ನಾಗಿತ್ತು, ಅದನ್ನೇ ಹಾಕಿ ನೋಡಿ" ಎಂದು ಅವರಲ್ಲೊಬ್ಬರು ಹೇಳಿದರೆ ಹಾಕಿ ಕೇಳಿ ನೋಡಿ. ನನಗೆ ಹಾಗೆ ಹೇಳಿದ ಕೊಳಲಿನವರ ಮಾತು ನಿಜವಾಗಿತ್ತು, ಆ ಹಾಡಿನಲ್ಲಿ ಇಂದು ಇರುವುದು ಅವರ ಎರಡನೆಯ ಟೇಕ್.